ಆಫೀಸಿನ ಮೇಜೂ ಸೇವೆಯ ಜಾಗವೇ

ಪ್ರಿಯ ಸಹೋದರ ಸಹೋದರಿಯರೇ, ವಂದನೆಗಳು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಒಂದು ಮಾತು. ದೇವರ ಸೇವೆ ಅಂದರೆ ಭಾನುವಾರ ಸಭೆಯಲ್ಲಿ ಮಾತ್ರ ಅಂದುಕೊಳ್ಳಬೇಡಿ. ಯೇಸುವಿನ ಸುವಾರ್ತೆ ಸಾರಿದ ಅಪೊಸ್ತಲ ಪೌಲನೇ ಕೊರಿಂಥ ಪಟ್ಟಣದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯ ಜೊತೆ ಗುಡಾರ ಮಾಡುವ ಕಸಬು ಮಾಡಿ ದುಡಿದವನು, ಅಲ್ವಾ?

ಬೈಬಲಿನ ಕೊಲೊಸ್ಸೆಯವರಿಗೆ ಪತ್ರದ 3:22, 23 ವಚನಗಳನ್ನು ಚೀಟಿಯಲ್ಲಿ ಬರೆದು ನನ್ನ ಡೈರಿಯೊಳಗೆ ಇಟ್ಟಿದ್ದೇನೆ. ಆ ಮಾತು ಹೇಳಿದ್ದು ದಾಸರಿಗೆ. ಯಜಮಾನ ನೋಡುವಾಗ ಮಾತ್ರ ದುಡಿಯಬೇಡಿ ಅಂತ. ಅದಕ್ಕೇ ಯಾರೂ ತೆರೆದು ನೋಡದ ಕೆಲಸದಿಂದಲೇ ದಿನ ಶುರು ಮಾಡಿ. ಸ್ಟಾಕ್ ಲೆಕ್ಕ, ಹಳೇ ಫೈಲು, ಅಂಥದ್ದು. ಆಟೋಗೆ 80 ರೂಪಾಯಿ ಕೊಟ್ಟಿದ್ದರೆ ಬಿಲ್ಲಿನಲ್ಲಿ 80 ಅಂತಲೇ ಬರೆಯಿರಿ. 'ಎಲ್ಲರೂ 150 ಹಾಕ್ತಾರೆ' ಅಂದರೆ ವಾದಕ್ಕಿಳಿಯಬೇಡಿ, ಸುಮ್ನೆ ನಿಮ್ಮದನ್ನು ಸರಿಯಾಗಿ ಬರೆಯಿರಿ. ತಪ್ಪು ನಿಮ್ಮಿಂದ ಆಗಿದ್ದರೆ ಅವತ್ತೇ ಮೇಲಿನವರಿಗೆ ಹೇಳಿಬಿಡಿ. ಒಂದು ರಾತ್ರಿ ಕಳೆದರೆ ಬಾಯಿ ಬರುವುದಿಲ್ಲ, ನನಗೇ ಆಗಿದೆ.

ಇನ್ನೊಂದು, ಡ್ಯೂಟಿ ಹೊತ್ತಿನಲ್ಲಿ ಧರ್ಮಬೋಧನೆ ಬೇಡ. ಆ ಹೊತ್ತಿಗೆ ಸಂಬಳ ತೆಗೆದುಕೊಳ್ಳುತ್ತಿದ್ದೇವೆ. ಜೊತೆಯವರ ಮಗುವಿಗೆ ಹುಷಾರಿಲ್ಲದಿದ್ದರೆ ಅವರ ಶಿಫ್ಟ್ ನೀವು ಮಾಡಿ. ಊಟದ ಹೊತ್ತಿನಲ್ಲಿ ಅವರಾಗಿಯೇ ನಿಮ್ಮ ನಂಬಿಕೆಯ ಬಗ್ಗೆ ಕೇಳಿದರೆ, ಆಗ ಮನಸ್ಸು ಬಿಚ್ಚಿ ಹೇಳಿ.