ಕಾವೇರಿ ದಂಡೆಯ ಕಸ: ಗಾಳದ ದಾರ, ಹಳೇ ಬಲೆ, ಬಾಟಲಿ ತೆಗೆಯುವ ಕ್ರಮ

ಕೃಷ್ಣರಾಜಸಾಗರದ ಕೆಳಗೆ, ಶ್ರೀರಂಗಪಟ್ಟಣ ದಾಟಿ ತಿರುಮಕೂಡಲು ನರಸೀಪುರದವರೆಗೆ, ಕಾವೇರಿಯಲ್ಲಿ ಗಾಳ ಹಾಕುವ ಜಾಗ ಯಾವುದೆಂದು ಯಾರನ್ನೂ ಕೇಳಬೇಕಿಲ್ಲ. ಬಂಡೆ ಸಂದಿಯ ನೈಲಾನ್ ದಾರ, 90 ಎಂ.ಎಲ್. ಮದ್ಯದ ಟೆಟ್ರಾ ಪ್ಯಾಕೆಟ್, ಗುಟ್ಕಾ ಚೀಟಿಗಳೇ ಗುರುತು ಹೇಳುತ್ತವೆ. ಇದನ್ನು ಆರಿಸುವವರು ಇಲ್ಲವೆಂದಲ್ಲ. ಆರಿಸಿ ಕಟ್ಟಿದ ಮೂಟೆ ಎಷ್ಟೋ ಸಲ ದಂಡೆಯಲ್ಲೇ ಉಳಿಯುತ್ತದೆ. ಅಣೆಕಟ್ಟೆಯಿಂದ ನೀರು ಬಿಟ್ಟಾಗ ಅದೇ ಕಸ ಮತ್ತೆ ಹೊಳೆ ಸೇರುತ್ತದೆ. ಅದಕ್ಕೇ ಮೊದಲು ಹೋಗಬೇಕಾದ್ದು ಗ್ರಾಮ ಪಂಚಾಯಿತಿ ಕಚೇರಿಗೆ.

ಒಂದು ವಾರ ಮುಂಚೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕಂಡು ಮೂರು ವಿಷಯ ಗೊತ್ತು ಮಾಡಿಕೊಳ್ಳಿ: ಕಸ ಒಯ್ಯುವ ಸ್ವಚ್ಛ ವಾಹಿನಿ ಗಾಡಿ ಯಾವ ದಿನ ಬರುತ್ತದೆ, ಯಾವ ಜಾಗದವರೆಗೆ ಬರುತ್ತದೆ, ಒಣ ಕಸದ ಘಟಕದಲ್ಲಿ ಏನೇನು ತೆಗೆದುಕೊಳ್ಳುತ್ತಾರೆ. ಗಾಡಿ ಓಡಿಸುವ, ಕಸ ವಿಂಗಡಿಸುವ ಸ್ವಸಹಾಯ ಸಂಘದ ಮಹಿಳೆಯರೊಂದಿಗೂ ಮಾತಾಡಿ. ಕೆಸರು ಮೆತ್ತಿದ ಪ್ಲಾಸ್ಟಿಕ್ ವಿಂಗಡಿಸುವ ಕಷ್ಟ ಅವರದು, ಅದಕ್ಕೆ ಬೆಲೆಯೂ ಸಿಗುವುದಿಲ್ಲ. ಕಸವನ್ನು ಒದರಿ, ಒಂದೆರಡು ದಿನ ಒಣಗಿಸಿ ಕೊಡುತ್ತೇವೆಂದರೆ ಅರ್ಧ ಕೆಲಸ ಮುಗಿದಂತೆ. ರಂಗನತಿಟ್ಟು ಪಕ್ಷಿಧಾಮದ ಎಲ್ಲೆಯೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬೇಡಿ.

ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಮಳೆಗಾಲದ ಪ್ರವಾಹ ಇಳಿದಿರುತ್ತದೆ, ಮರದ ಕೊಂಬೆಗಳಲ್ಲಿ ಜೋತಾಡುವ ಕವರ್‌ಗಳು ನೀರು ಎಲ್ಲಿಯವರೆಗೆ ಏರಿತ್ತೆಂಬುದನ್ನೂ ತೋರಿಸುತ್ತವೆ. ಆ ಗೆರೆಗಿಂತ ಕೆಳಗೆ ಮೂಟೆ ಇಡಬೇಡಿ. ಫೆಬ್ರುವರಿಯಿಂದ ಮೇವರೆಗೆ ಮರಳುದಿಬ್ಬ, ನಡುಗಡ್ಡೆಗಳನ್ನು ಬಿಟ್ಟುಬಿಡಿ: ನದಿ ರೀವ (ರಿವರ್ ಟರ್ನ್) ಹಕ್ಕಿಗಳು ಬರಿ ಮರಳು, ಬಂಡೆಯ ಮೇಲೇ ಮೊಟ್ಟೆ ಇಡುತ್ತವೆ, ಮೊಸಳೆಗಳು ದಂಡೆಯ ಮಣ್ಣಿನಲ್ಲಿ ಮೊಟ್ಟೆ ಹೂಳುತ್ತವೆ. ಈ ಭಾಗದಲ್ಲಿ ಮೊಸಳೆಗಳಿರುವುದರಿಂದ ಯಾವ ತಿಂಗಳಲ್ಲೂ ನೀರಿಗಿಳಿದು ಕಸ ತೆಗೆಯುವುದು ಬೇಡ. ನೀರಿನ ಕಡೆಯ ಕೆಲಸವನ್ನು ದಂಡೆಯಿಂದ, ಇಲ್ಲವೇ ಜಾಗ ಬಲ್ಲ ಅಂಬಿಗರ ತೆಪ್ಪದಿಂದ ಮಾಡಿ.

ಸಾಮಾನು ಹೆಚ್ಚೇನಿಲ್ಲ. ಅಂಗೈಗೆ ರಬ್ಬರ್ ಲೇಪವಿರುವ ದಪ್ಪ ಕೈಗವಸು, ಗಟ್ಟಿ ಅಟ್ಟೆಯ ಶೂ, ಕತ್ತರಿ, ಇಕ್ಕಳ, ಹಣ್ಣು ಕೀಳುವ ದೋಟಿ, ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳ ಗರಡಿ, ಅದಕ್ಕೆ 15ರಿಂದ 20 ಮೀಟರ್ ಹಗ್ಗ. ಚೀಲಕ್ಕೆ ಗೊಬ್ಬರದ ಅಥವಾ ಪಶು ಆಹಾರದ ಖಾಲಿ ಚೀಲ ಸಾಕು, ಆದರೆ ಬಿಸಿಲಲ್ಲಿ ಬಿದ್ದು ಪುಡಿಪುಡಿಯಾಗುತ್ತಿರುವುದನ್ನು ತರಬೇಡಿ. ಅದರ ಎಳೆಗಳೇ ಹೊಸ ಕಸ. ಚೀಲವನ್ನು ಅರ್ಧ ಮಾತ್ರ ತುಂಬಿ. ಒದ್ದೆ ಬಟ್ಟೆ, ಮರಳು ಸೇರಿದ ಪೂರ್ತಿ ಚೀಲವನ್ನು ದಂಡೆ ಹತ್ತಿಸಲು ಇಬ್ಬರಿಂದಲೂ ಆಗುವುದಿಲ್ಲ. ಗಾಜಿಗೆ ಚೀಲ ಬೇಡ, ಬಕೆಟ್ ಇರಲಿ. ದಂಡೆಯ ಗಾಜು ಕಾಲನ್ನಷ್ಟೇ ಅಲ್ಲ, ತೆಪ್ಪದ ತಳಕ್ಕೆ ಹೊದಿಸಿದ ಹಾಳೆಯನ್ನೂ ಸೀಳುತ್ತದೆ.

ಎಲ್ಲ ಕಸವನ್ನೂ ಒಂದೇ ದಿನ ತೆಗೆಯಲು ಆಗದಿದ್ದರೆ ಬಾಟಲಿ ಬಿಟ್ಟು ದಾರ, ಬಲೆಗೆ ಮೊದಲು ಕೈ ಹಾಕಿ. ಬಾಟಲಿ ನೋಡಲು ಅಸಹ್ಯ, ಫೋಟೊದಲ್ಲಿ ಮೂಟೆ ದೊಡ್ಡದಾಗಿ ಕಾಣಿಸುವುದೂ ಅದರಿಂದಲೇ. ದಾರ, ಬಲೆ ಹಾಗಲ್ಲ, ಕೊಲ್ಲುತ್ತವೆ. ನೈಲಾನ್ ನೀರಿಗಿಂತ ಭಾರ. ಕಡಿದುಹೋದ ಬಲೆ ತಳಕ್ಕಿಳಿದು ಬಂಡೆ, ಬೇರುಗಳಿಗೆ ಸುತ್ತಿಕೊಂಡು, ಕೇಳುವವರಿಲ್ಲದೆ ಮೀನು, ಆಮೆ, ನೀರುನಾಯಿ, ನೀರುಕಾಗೆಗಳನ್ನು ಹಿಡಿಯುತ್ತಲೇ ಇರುತ್ತದೆ.

ಆದರೆ ಕಂಡ ಬಲೆಯನ್ನೆಲ್ಲ ಎಳೆಯುವಂತಿಲ್ಲ. ಬೆಂಡು ಅಥವಾ ಖಾಲಿ ಬಾಟಲಿ ಸಾಲಾಗಿ ತೇಲುತ್ತಿದ್ದರೆ ಅದು ಯಾರದೋ ಅನ್ನದ ಬಲೆ. ಪಾಚಿ ಕಟ್ಟಿದ, ಹರಿದು ಗಂಟಾದ, ಬೆಂಡಿಲ್ಲದ ಬಲೆಯಾದರೂ ಸ್ಥಳೀಯ ಮೀನುಗಾರರ ಸಂಘದವರಿಗೆ ತೋರಿಸಿ, ಅವರು ಒಪ್ಪಿದ ಮೇಲೆ ತೆಗೆಯಿರಿ. ಪಾತಾಳ ಗರಡಿಯನ್ನು ಬಲೆಯ ಆಚೆಗೆ ಎಸೆದು, ತಳ ಮುಟ್ಟಿದ ಮೇಲೆ ನಿಧಾನವಾಗಿ ಎಳೆಯಿರಿ. ಹಗ್ಗವನ್ನು ಕೈಗಾಗಲಿ ಸೊಂಟಕ್ಕಾಗಲಿ ಸುತ್ತಿಕೊಳ್ಳಬೇಡಿ. ಮೇಲಿಂದ ಬಂದ ದಿಮ್ಮಿ ಬಲೆಗೆ ಸಿಕ್ಕಿದರೆ ನಿಮ್ಮನ್ನೂ ಎಳೆದೊಯ್ಯುತ್ತದೆ. ಬಲೆ ಕಚ್ಚಿಕೊಂಡರೆ ಬಲ ಹಾಕಬೇಡಿ. ಹತ್ತು ಹೆಜ್ಜೆ ಪಕ್ಕಕ್ಕೆ ಸರಿದು ಬೇರೆ ಕೋನದಿಂದ ಎಳೆಯಿರಿ. ಆಗಲೂ ಬಾರದಿದ್ದರೆ ಬಂದಷ್ಟನ್ನು ಕತ್ತರಿಸಿಕೊಂಡು, ಉಳಿದದ್ದನ್ನು ನೀರು ಇನ್ನೂ ಇಳಿದಾಗ ನೋಡಿ. ಜೀವವಿರುವ ಪ್ರಾಣಿ ಸಿಕ್ಕಿದ್ದರೆ ಅದರ ಸುತ್ತಲ ಎಳೆಗಳನ್ನು ಕತ್ತರಿಸಬೇಕು, ಪ್ರಾಣಿಯನ್ನು ಎಳೆಯಬಾರದು. ಬೇರಿಗೆ ಸುತ್ತಿದ ಬಲೆಗೂ ಇದೇ ನಿಯಮ: ಬೇರಿನ ನಡುವೆ ಮೀನುಮರಿ ಅಡಗಿರುತ್ತವೆ, ಬೇರು ದಂಡೆಯ ಮಣ್ಣನ್ನೂ ಹಿಡಿದಿರುತ್ತದೆ.

ಹಕ್ಕಿಗೆ ದಾರ ಸುತ್ತಿದ್ದರೆ ತಲೆಯ ಮೇಲೆ ಟವೆಲ್ ಹಾಕಿ. ಕತ್ತಲಾದರೆ ಒದ್ದಾಟ ನಿಲ್ಲುತ್ತದೆ. ನೀರುಕಾಗೆ, ಕೊಕ್ಕರೆಗಳು ಕಣ್ಣಿಗೇ ಕುಕ್ಕುವುದರಿಂದ ಕೊಕ್ಕನ್ನು ಒಂದು ಕೈ ಬಿಡದೆ ಹಿಡಿದಿರಲಿ, ಕೊಕ್ಕರೆಯ ಮೂಗಿನ ಹೊಳ್ಳೆ ಮುಚ್ಚದಿರಲಿ. ನೀರುಕಾಗೆಗೆ ಹೊರಗೆ ಮೂಗಿನ ಹೊಳ್ಳೆ ಇಲ್ಲ, ಬಾಯಿಂದಲೇ ಉಸಿರಾಡುತ್ತದೆ, ಅದರ ಕೊಕ್ಕು ತುಸು ತೆರೆದೇ ಇರಲಿ. ಹೊರಗಿನ ದಾರ ಮಾತ್ರ ಕತ್ತರಿಸಿ. ಗಂಟಲಿನಿಂದ ದಾರ ಹೊರಬಂದಿದ್ದರೆ ಗಾಳ ನುಂಗಿದೆ ಎಂದರ್ಥ. ದಾರ ಎಳೆಯದೆ ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ. ನಿಮ್ಮ ಬೆರಳಿಗೇ ಗಾಳದ ಮುಳ್ಳು ಒಳಹೋಗುವಷ್ಟು ಚುಚ್ಚಿದರೂ ಎಳೆಯದೆ ಆಸ್ಪತ್ರೆಗೆ ಹೋಗಿ, ಟೆಟನಸ್ ಚುಚ್ಚುಮದ್ದಿನ ಬಗ್ಗೆ ಕೇಳಿ. ಸಿಕ್ಕ ಗಾಳ, ಸೀಸದ ಗುಂಡುಗಳೆಲ್ಲ ಮುಚ್ಚಳವಿರುವ ಒಂದು ಬಾಟಲಿಗೆ. ದಾರವನ್ನು ಗೇಣುದ್ದಕ್ಕಿಂತ ಚಿಕ್ಕದಾಗಿ ಕತ್ತರಿಸಿ ಇನ್ನೊಂದಕ್ಕೆ. ಉದ್ದ ದಾರ ಕಸದ ರಾಶಿಯಲ್ಲೂ ಕಾಗೆ, ಹದ್ದುಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಮೀನಿಗೆ ಸಿಡಿಸುವ ಮದ್ದು, ತಂತಿಯಂಥದ್ದು ಕಂಡರೆ ಮುಟ್ಟದೆ ದೂರ ಸರಿದು 112ಕ್ಕೆ ತಿಳಿಸಿ.

ಗಾಳದವರು ಕೂರುವ ಬಂಡೆಯ ಹತ್ತಿರ ದಾರ ಹಾಕುವ ಪೈಪ್ ನಿಲ್ಲಿಸಬಹುದು. ಎರಡು ಅಡಿ ಉದ್ದದ 4 ಇಂಚಿನ ಪಿವಿಸಿ ಪೈಪ್, ಮೇಲೆ ಬಾಗು, ಕೆಳಗೆ ತಿರುಗಿಸಿ ತೆಗೆಯುವ ಮುಚ್ಚಳ. ಬಾಗಿನಿಂದಾಗಿ ಮಳೆ ನೀರು ಒಳಹೋಗುವುದಿಲ್ಲ. ಹೋದ ಹನಿ ಇಳಿಯಲು ಮುಚ್ಚಳಕ್ಕೆ ಸಣ್ಣ ತೂತು ಕೊರೆಯಿರಿ. ಬಾಯಿಗೆ ಹಳೇ ಟ್ಯೂಬಿನ ರಬ್ಬರ್ ತುಂಡನ್ನು ಸೀಳಿ ಪರದೆಯಂತೆ ಬಿಗಿಯಿರಿ, ಇಲ್ಲದಿದ್ದರೆ ಕಣಜ ಗೂಡು ಕಟ್ಟುತ್ತದೆ. ಎದೆ ಎತ್ತರದಲ್ಲಿ ಕಟ್ಟಿ, ‘ಗಾಳದ ದಾರ ಮಾತ್ರ’ ಎಂದು ದೊಡ್ಡದಾಗಿ ಬರೆಯಿರಿ. ಬರೆದರೂ ಗುಟ್ಕಾ ಚೀಟಿ ಬೀಳುತ್ತದೆ, ಬೀಳಲಿ. ಎರಡು ವಾರಕ್ಕೊಮ್ಮೆ ಖಾಲಿ ಮಾಡುವವರು ಯಾರೆಂದು ಮೊದಲೇ ಗೊತ್ತಿರಬೇಕು.

ಬಾಟಲಿ, ಟೆಟ್ರಾ ಪ್ಯಾಕೆಟ್‌ಗೆ ಡಬ್ಬ ಇಡುವುದಾದರೆ ನೀರಿನ ಹತ್ತಿರ ಇಡಬೇಡಿ. ನಾಯಿ, ಕೋತಿ ಎಳೆದಾಡಿದ್ದು, ಗಾಳಿ ಹಾರಿಸಿದ್ದು ಎಲ್ಲ ಹೊಳೆಗೇ. ಬೈಕ್ ನಿಲ್ಲಿಸುವ ಜಾಗದಲ್ಲಿಟ್ಟರೆ ಗಾಡಿಯವರಿಗೂ ಎತ್ತಲು ಅನುಕೂಲ.

ಪಶ್ಚಿಮವಾಹಿನಿ, ಸಂಗಮದಂಥ ಕಡೆ ಕಾಟ ಬೇರೆ: ಕ್ರಿಯಾವಿಧಿ ಮುಗಿಸಿದವರು ಬಿಡುವ ಬಟ್ಟೆ. ಮರಳು ತುಂಬಿ ಕಲ್ಲಿನಂತಾಗುವ ಅದನ್ನು ಒದ್ದೆಯಲ್ಲಿ ಎಳೆದರೆ ಹರಿಯುತ್ತದೆ. ದೋಟಿಯಿಂದ ಅಂಚು ಎತ್ತಿ, ಮರಳು ಸುರಿಸಿ, ದಂಡೆಯ ಮೇಲೆ ಹರಡಿ ಒಣಗಿಸಿ. ಒಣ ಕಸದ ಘಟಕದಲ್ಲಿ ಬಟ್ಟೆ ಬೇಡವೆನ್ನಬಹುದು, ಪಿಡಿಒ ಹತ್ತಿರ ಇದನ್ನು ಬೇರೆಯಾಗಿ ಕೇಳಿರಿ. ಬೆಂಕಿ ಹಚ್ಚುವ ಯೋಚನೆ ಬೇಡ. ಪಾಲಿಯೆಸ್ಟರ್ ಕರಗಿ ಗಟ್ಟಿಯಾಗಿ ಬಂಡೆಗೆ ಅಂಟಿಕೊಂಡರೆ ಉಳಿಯಿಂದ ಕೆತ್ತಬೇಕಾಗುತ್ತದೆ.

ಮೂಟೆ ಗಾಡಿಗೆ ಹತ್ತುವ ಮುಂಚೆ ತಕ್ಕಡಿಯಲ್ಲಿ ತೂಗಿ, ದಾರ-ಬಲೆ, ಮದ್ಯದ ಪ್ಯಾಕೆಟ್, ಬಾಟಲಿ, ಬಟ್ಟೆ ಎಂದು ಬೇರೆಬೇರೆ ಬರೆದಿಡಿ. ಮುಂದಿನ ಸಲ ಡಬ್ಬ ಬೇಕೋ ಪೈಪ್ ಬೇಕೋ ಎಂಬುದು ಆ ಪಟ್ಟಿಯಿಂದಲೇ ಗೊತ್ತಾಗುತ್ತದೆ, ಗ್ರಾಮಸಭೆಯಲ್ಲಿ ಕೇಳಲು ಲೆಕ್ಕವೂ ಕೈಯಲ್ಲಿರುತ್ತದೆ. ಜೂನ್ ಹತ್ತಿರವಾದಂತೆ ಪೈಪ್‌ಗಳನ್ನು ಬಿಚ್ಚಿ, ಒಳಗಿನ ದಾರ ತೆಗೆದು, ಊರೊಳಗೆ ತಂದಿಡಿ.