ಯಾವ ಪ್ರೊಸೆಸರ್‌ಗೆ ಯಾವ ಕೆಲಸ? ಲಿನಕ್ಸ್‌ನಲ್ಲಿ ಹಂಚುವ ಬಗೆ

ದೊಡ್ಡದೊಂದು ವಿಡಿಯೊವನ್ನು ಬೇರೆ ಫಾರ್ಮ್ಯಾಟ್‌ಗೆ ಬದಲಿಸಲು ಕೊಟ್ಟರೆ ಕಂಪ್ಯೂಟರಿನ ಎಂಟೂ ಪ್ರೊಸೆಸರ್‌ಗಳು ಅದರ ಹಿಂದೆಯೇ ಬೀಳುತ್ತವೆ, ಬ್ರೌಸರ್ ತೆವಳತೊಡಗುತ್ತದೆ. ಯಾವ ಪ್ರೊಸೆಸರ್ ಏನು ಮಾಡಬೇಕೆಂದು ಲಿನಕ್ಸ್‌ನಲ್ಲಿ ನಾವೇ ಹೇಳಬಹುದು. ಬೇಕಾಗಿರುವುದು ಮೂರೇ ಕಮಾಂಡ್. ಇಲ್ಲಿ ಅವುಗಳನ್ನು ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ (ಕಮಾಂಡ್ ಕೊಡುವ ವಿಂಡೊ) ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪಿಸಿ.

ಮೊದಲು ‘ಎಲ್‌ಎಸ್‌ಸಿಪಿಯು -ಇ’ ಕೊಡಿ. ಪ್ರೊಸೆಸರ್‌ಗಳ ಪಟ್ಟಿ ಬರುತ್ತದೆ. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಎಂಟರಲ್ಲಿ ಕೊನೆಯದು 7. ಇಲ್ಲಿ ಅವಸರ ಬೇಡ, ‘ಕೋರ್’ ಎಂಬ ಕಾಲಂ ಗಮನಿಸಿ. ಎರಡು ಸಾಲುಗಳಲ್ಲಿ ಒಂದೇ ಸಂಖ್ಯೆ ಇದ್ದರೆ ಅವೆರಡೂ ಒಂದೇ ಕೋರ್‌ನ (ಚಿಪ್‌ನೊಳಗೆ ನಿಜವಾಗಿ ಲೆಕ್ಕ ಮಾಡುವ ಘಟಕ) ಎರಡು ಥ್ರೆಡ್‌ಗಳು, ಅಂದರೆ ಆ ಘಟಕವನ್ನು ಹಂಚಿಕೊಳ್ಳುವ ಎರಡು ಪ್ರೊಸೆಸರ್‌ಗಳು. ಕೆಲವು ಯಂತ್ರಗಳಲ್ಲಿ 0 ಮತ್ತು 1 ಜೋಡಿ, ಕೆಲವದರಲ್ಲಿ 0 ಮತ್ತು 4. ಜೋಡಿ ನೋಡದೆ ಎರಡು ಭಾರಿ ಕೆಲಸ ಹಂಚಿದರೆ ಒಂದೇ ಒಲೆಗೆ ಎರಡು ಪಾತ್ರೆ ಇಟ್ಟಂತಾಗುತ್ತದೆ.

ನಿಮ್ಮ ಯಂತ್ರದಲ್ಲಿ 0ಕ್ಕೆ 4, 1ಕ್ಕೆ 5, ಹೀಗೆ ಜೋಡಿ ಇದೆ ಎನ್ನಿ. ವಿಡಿಯೊ ಕೆಲಸಕ್ಕೆ ಎರಡು ಪೂರ್ತಿ ಕೋರ್ ಕೊಡಲು ‘ಟಾಸ್ಕ್‌ಸೆಟ್ -ಸಿ 2,3,6,7’ ಎಂದು ಬರೆದು, ಅದೇ ಸಾಲಿನಲ್ಲಿ ವಿಡಿಯೊ ಬದಲಿಸುವ ಪ್ರೋಗ್ರಾಂ ಎಫ್‌ಎಫ್‌ಎಂಪೆಗ್‌ನ ಎಂದಿನ ಕಮಾಂಡ್ ಸೇರಿಸಿ. ಉಳಿದೆರಡು ಕೋರ್‌ಗಳು ಬ್ರೌಸರ್‌ಗೆ ಸಿಗುತ್ತವೆ. ಕೆಲಸ ಆಗಲೇ ಓಡುತ್ತಿದ್ದರೆ, ಓಡುತ್ತಿರುವ ಕೆಲಸಗಳ ಪಟ್ಟಿ ತೋರಿಸುವ ‘ಟಾಪ್’ನಲ್ಲಿ ಅದರ ಪಿಐಡಿ (ಗುರುತಿನ) ಸಂಖ್ಯೆ ನೋಡಿಕೊಂಡು ‘ಟಾಸ್ಕ್‌ಸೆಟ್ -ಎಪಿಸಿ 2,3,6,7’ ಆದಮೇಲೆ ಆ ಸಂಖ್ಯೆ ಹಾಕಿ. ಇದರಲ್ಲಿ ‘ಎ’ ಬಿಡಬೇಡಿ. ಬಿಟ್ಟರೆ ಪ್ರೋಗ್ರಾಂನ ಒಂದು ಥ್ರೆಡ್ (ಇಲ್ಲಿ ಕೆಲಸದ ಒಂದು ಎಳೆ ಎಂದರ್ಥ) ಮಾತ್ರ ಜಾಗ ಬದಲಿಸುತ್ತದೆ, ಉಳಿದವು ಹಳೆಯ ಕಡೆಯೇ ಓಡುತ್ತಿರುತ್ತವೆ.

ಪ್ರೊಸೆಸರನ್ನೇ ಆಫ್ ಮಾಡಲು ‘ಸುಡೊ ಸಿಎಚ್‌ಸಿಪಿಯು -ಡಿ 3’ (‘ಸುಡೊ’ ಎಂದರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸು ಎಂದು). ಮತ್ತೆ ಆನ್ ಮಾಡಲು ‘-ಡಿ’ ಬದಲು ‘-ಇ’. ಅದರ ಮೇಲಿದ್ದ ಕೆಲಸಗಳು ತಾವಾಗಿ ಬೇರೆಡೆಗೆ ಹೋಗುತ್ತವೆ. ಇಂಟೆಲ್, ಎಎಂಡಿ ಯಂತ್ರಗಳಲ್ಲಿ 0 ಸಾಮಾನ್ಯವಾಗಿ ಆಫ್ ಆಗುವುದಿಲ್ಲ. ತಾವು ಬರೆದ ಪ್ರೋಗ್ರಾಂ ಒಂದು, ಎರಡು, ನಾಲ್ಕು ಪ್ರೊಸೆಸರ್‌ಗಳಲ್ಲಿ ಎಷ್ಟು ವೇಗ ಪಡೆಯುತ್ತದೆಂದು ಅಳೆಯುವ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಸಾಧನ. ಕರೆಂಟ್ ಉಳಿಸಲೆಂದು ಮಾತ್ರ ಇದನ್ನು ಮಾಡುವುದು ಬೇಡ. ಕೆಲಸವಿಲ್ಲದ ಕೋರನ್ನು ಲಿನಕ್ಸ್ ತಾನೇ ನಿದ್ದೆಗೆ ಕಳಿಸುತ್ತದೆ.

ರೀಬೂಟ್ ಮಾಡಿದರೆ ಈ ಬದಲಾವಣೆಗಳೆಲ್ಲ ಅಳಿಸಿಹೋಗಿ ಎಂಟೂ ಪ್ರೊಸೆಸರ್‌ಗಳು ವಾಪಸ್ ಬರುತ್ತವೆ. ಹಾಗಾಗಿ ಭಯಪಡದೆ ಮಾಡಿ ನೋಡಿ.