ಸೋಲಾರ್ ಇದೆ, ಟೈಮರ್ ಇದೆ, ಆದರೂ ಬಿಲ್ ಯಾಕೆ ಜಾಸ್ತಿ?

ಬನಶಂಕರಿಯ ಈ ಮನೆಗೆ ಬಂದ ಹೊಸದರಲ್ಲಿ ನಮಗೂ ಇದೇ ಪ್ರಶ್ನೆ. ತಾರಸಿಯಲ್ಲಿ 200 ಲೀಟರಿನ ಸೋಲಾರ್ ಟ್ಯಾಂಕ್ ಇದ್ದರೂ ಏಪ್ರಿಲ್‌ನಲ್ಲೂ ಕರೆಂಟ್ ಬಿಲ್ ಇಳಿಯಲಿಲ್ಲ. ಕೊನೆಗೆ ನೋಡಿದರೆ, ಯುಟಿಲಿಟಿಯ ಮೂಲೆಯಲ್ಲಿ ಹೆಸರಿಲ್ಲದ ಒಂದು ಸ್ವಿಚ್ ಹಗಲೂ ರಾತ್ರಿ ಆನ್ ಇತ್ತು. ಬಿಸಿಲಿಲ್ಲದ ದಿನ ಕರೆಂಟಿನಿಂದ ನೀರು ಕಾಯಿಸಲು ಟ್ಯಾಂಕಿನೊಳಗೆ ಇರುವ ಬ್ಯಾಕಪ್ ಕಾಯಿಲ್‌ನದ್ದು.

ಮೊದಲು ಆ ಸ್ವಿಚ್ ಹುಡುಕಿ. ಅದು ಆನ್ ಇದ್ದರೆ ಏನಾಗುತ್ತದೆ ಅಂದರೆ, ರಾತ್ರಿ ಪಾತ್ರೆ ತೊಳೆಯಲು ಬಿಸಿನೀರು ಬಿಡುತ್ತೇವೆ, ಅಷ್ಟೇ ತಣ್ಣೀರು ಟ್ಯಾಂಕಿಗೆ ಇಳಿಯುತ್ತದೆ, ಥರ್ಮೋಸ್ಟಾಟ್ ಕಾಯಿಲ್ ಆನ್ ಮಾಡುತ್ತದೆ, ಬೆಳಗಾಗುವಷ್ಟರಲ್ಲಿ ನೀರು ಕಾದು ಬಿಸಿಲಿಗೆ ಕೆಲಸವೇ ಉಳಿದಿರುವುದಿಲ್ಲ. 200 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಕಾಯಿಸಲು ಸುಮಾರು 8 ಯೂನಿಟ್ ಬೇಕು. ಗೃಹಜ್ಯೋತಿ ಇರುವವರು ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಗೊತ್ತಲ್ವಾ?

ಆ ಸ್ವಿಚ್ ಆಫ್ ಇರಲಿ. ಬೆಳಗ್ಗೆ ನಲ್ಲಿ ತಿರುಗಿಸಿದಾಗ ತಣ್ಣೀರು ಬಂತೆಂದು ತಕ್ಷಣ ಹಾಕಬೇಡಿ. ಪೈಪಿನಲ್ಲಿ ನಿಂತಿದ್ದ ನೀರು ಮೊದಲು ಬರುತ್ತದೆ, ಕೆಳಗಿನ ಮನೆಗಳಿಗೆ ಅರ್ಧ ಬಕೆಟ್ ಆದರೂ ಬರಬಹುದು. ಅದನ್ನು ನೆಲ ಒರೆಸಲು ಹಿಡಿದಿಟ್ಟುಕೊಳ್ಳಿ. ಆಮೇಲೂ ಬೆಚ್ಚಗಾಗದಿದ್ದರೆ, ಅಂದರೆ ಹಿಂದಿನ ದಿನವೆಲ್ಲ ಮೋಡವಿದ್ದರೆ, ಆಗ ಹಾಕಿ. ಸ್ನಾನಕ್ಕೆ ಹೋಗುವ ಮುಂಚೆ ಆಫ್ ಮಾಡಿ.

ಆ ಸ್ವಿಚ್ಚಿಗೆ ಟೈಮರ್ ಹಾಕಿಸುವುದಾದರೆ ಒಳಗೆ ಬ್ಯಾಟರಿ ಇರುವುದನ್ನೇ ಕೇಳಿ. ಬ್ಯಾಟರಿ ಇಲ್ಲದ, ಚಕ್ರ ತಿರುಗುವ ಟೈಮರ್ ಕರೆಂಟ್ ಹೋದಾಗ ನಿಂತುಬಿಡುತ್ತದೆ. ನಮ್ಮ ಊರಲ್ಲಿ ಮಳೆಗಾಲದ ಒಂದು ವಾರ ಸಾಕು, ಐದು ಗಂಟೆಗೆ ಇಟ್ಟದ್ದು ಏಳಕ್ಕೆ ಶುರುವಾಗುತ್ತದೆ. ಎಲ್ಲರೂ ಆಫೀಸಿಗೆ ಹೋದ ಮೇಲೆ ನೀರು ಸುಮ್ನೆ ಕಾಯುತ್ತಿರುತ್ತದೆ.

ಕಡಿಮೆ ಕರೆಂಟಿನಲ್ಲಿ ಓಡುವ, ರಿಮೋಟ್ ಇರುವ ಬಿಎಲ್‌ಡಿಸಿ ಫ್ಯಾನ್ ಹಾಕಿಸಿದರೆ ಹಳೆಯ ರೆಗ್ಯುಲೇಟರ್ ತೆಗೆಸಿ. 75 ವ್ಯಾಟ್ ಜಾಗದಲ್ಲಿ 30ರ ಆಸುಪಾಸಿನಲ್ಲಿ ಓಡುತ್ತದೆ, ಆದರೆ ಗೋಡೆಯ ಸ್ವಿಚ್ ಆಫ್ ಆಗಿದ್ದರೆ ರಿಮೋಟ್ ಕೆಲಸ ಮಾಡುವುದಿಲ್ಲ. ಅತ್ತೆಗೆ ಇದನ್ನು ಹೇಳಿರಲಿಲ್ಲ. ಫ್ಯಾನ್ ಕೆಟ್ಟಿದೆ ಎಂದುಕೊಂಡು ಇಡೀ ಮಧ್ಯಾಹ್ನ ಸೆಕೆಯಲ್ಲೇ ಕೂತಿದ್ದರು, ಪಾಪ. ರಿಮೋಟ್ ಬೇಡ ಅನ್ನುವ ಹಿರಿಯರಿದ್ದರೆ ಗೋಡೆಯ ಸ್ವಿಚ್ಚಿನಿಂದಲೂ ಸ್ಪೀಡ್ ಬದಲಿಸಬಹುದಾದ ಫ್ಯಾನ್ ಕೊಳ್ಳಿ.

ಎಸಿ ಇದ್ದರೆ 24ರಲ್ಲೇ ಬಿಡಿ. 18ಕ್ಕೆ ಇಟ್ಟರೆ ಕೋಣೆ ಬೇಗ ತಂಪಾಗುತ್ತದೆ ಅನ್ನುವುದು ತಪ್ಪು ತಿಳುವಳಿಕೆ.

ಇಷ್ಟೆಲ್ಲ ನಿಮ್ಮೊಬ್ಬರಿಗೇ ಗೊತ್ತಿದ್ದರೆ ಸಾಲದು. ಮನೆಕೆಲಸಕ್ಕೆ ಬರುವ ಅಕ್ಕನೂ ಅದೇ ಸ್ವಿಚ್ ಮುಟ್ಟುತ್ತಾರೆ. ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಬರೆದು ಅಂಟಿಸಿ: "ಸೋಲಾರ್ ಬ್ಯಾಕಪ್. ಮೋಡದ ದಿನ ಮಾತ್ರ." ಬಾಡಿಗೆ ಮನೆಯಾದರೆ, ಖಾಲಿ ಮಾಡುವಾಗ ಆ ಚೀಟಿಯನ್ನು ಕೀಳಬೇಡಿ.